ಅಲುಗಾಡದ ವಸ್ತುಗಳಿಂದ ಶುರುವಾದ ಫೋಟೋಗ್ರಫಿ

ಫೋಟೋಗ್ರಫಿಯನ್ನೇ ಕಸುಬು ಮಾಡಿಕೊಳ್ಳಬೇಕು ಅಂತ ಹೊರಡುವವರು ಹೆಚ್ಚಾಗಿ ಮದುವೆಯಿಂದಲೋ ಪೋರ್ಟ್ರೇಟಿನಿಂದಲೋ ಶುರು ಮಾಡುತ್ತಾರೆ. ನಾನು ಶುರು ಮಾಡಿದ್ದು ಬಾಟಲಿ, ಕನ್ನಡಕ, ಕೈಗಡಿಯಾರಗಳಿಂದ. ಅದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಹಗಲೆಲ್ಲ ಬೇರೆ ಕೆಲಸ. ಕ್ಯಾಮೆರಾಕ್ಕೆ ಸಿಗುತ್ತಿದ್ದದ್ದು ಬೆಳಗಿನ ಒಂದಿಷ್ಟು ಹೊತ್ತು ಮತ್ತು ರಜೆಯ ದಿನಗಳು. ಆ ಹೊತ್ತಿಗೆ ಸರಿಯಾಗಿ ಬಂದು ಕೂರುವವರು ಯಾರು ಸಿಗುತ್ತಾರೆ? ಬಾಟಲಿಯಾದರೆ ಇಟ್ಟಲ್ಲೇ ಇರುತ್ತದೆ. ‘ಇನ್ನೂ ಎಷ್ಟು ಹೊತ್ತು’ ಅಂತ ಕೇಳುವುದಿಲ್ಲ.

ಹೊಸಬರು ಕೇಳಿದರೆ ಈಗಲೂ ಇದನ್ನೇ ಹೇಳುತ್ತೇನೆ. ಅಲುಗಾಡದ ವಸ್ತುವಿನ ಮುಂದೆ ದೀಪವನ್ನು ಒಂದು ಗೇಣು ಸರಿಸಿ ಏನು ಬದಲಾಯಿತು ಅಂತ ನೋಡಬಹುದು. ಮತ್ತೆ ಸರಿಸಬಹುದು. ಮನುಷ್ಯರನ್ನು ಕೂರಿಸಿಕೊಂಡು ಇದನ್ನೆಲ್ಲ ಮಾಡಲು ಹೋದರೆ ಅವರ ಮುಖದಲ್ಲಿ ಮೊದಲು ಕಾಣುವುದು ಬೇಸರ. ಅಮೆರಿಕದ ಫೋಟೋಗ್ರಾಫರ್ ಎಡ್ವರ್ಡ್ ವೆಸ್ಟನ್ 1930ರಲ್ಲಿ ತೆಗೆದ ದೊಣ್ಣೆಮೆಣಸಿನಕಾಯಿಯ ಫೋಟೋವನ್ನು ಫೋಟೋಗ್ರಫಿ ಕಲಿಯುವವರು ಒಮ್ಮೆಯಾದರೂ ನೋಡಿರುತ್ತಾರೆ. ತಗಡಿನ ಆಲಿಕೆಯೊಂದರ ಒಳಗೆ ಕಾಯಿ ಇಟ್ಟು ತೆಗೆದದ್ದು ಅದು. ಬೆಳಕು ಆ ತಗಡಿನಿಂದ ಹಿಂತಿರುಗಿ ಕಾಯಿಯ ಮೈಮೇಲೆ ಹರಿದಿದೆ. ಅದರ ಹೆಸರಲ್ಲಿ 30 ಎಂಬ ಅಂಕಿ ಇದೆ. ಅಂದರೆ ಅದು ಮೊದಲ ಕಾಯಿಯಲ್ಲ. ಅದೇ ವೆಸ್ಟನ್ ಹೊಟ್ಟೆಪಾಡಿಗೆ ಜನರ ಭಾವಚಿತ್ರ ತೆಗೆಯುವ ಸ್ಟುಡಿಯೋ ನಡೆಸುತ್ತಿದ್ದರು. ನನಗೆ ಆ ಫೋಟೋದಷ್ಟೇ ಇಷ್ಟವಾದ ಸಂಗತಿ ಇದು.

ನನ್ನ ಹತ್ತಿರ ಇದ್ದದ್ದು ಹಳೆಯ 24 ಮೆಗಾಪಿಕ್ಸೆಲ್ ಕ್ಯಾಮೆರಾ, 50 ಮಿಲಿಮೀಟರಿನ ಒಂದು ಲೆನ್ಸ್, ಒಂದು ಟ್ರೈಪಾಡ್. ಜೊತೆಗೆ ದೊಡ್ಡ ಕಿಟಕಿ, ಬಿಳಿ ಪರದೆ, ಬಿಳಿ ಮತ್ತು ಕಪ್ಪು ದಪ್ಪ ಕಾಗದದ ಹಾಳೆಗಳು. ದೀಪ ಕೊಂಡದ್ದು ಎಷ್ಟೋ ಆಮೇಲೆ. ಬೆಳಕಿನ ಮೂಲವು ವಸ್ತುವಿನ ಕಣ್ಣಿಗೆ ದೊಡ್ಡದಾಗಿ ಕಂಡರೆ ನೆರಳು ಮೆತ್ತಗಾಗುತ್ತದೆ, ಚಿಕ್ಕದಾಗಿ ಕಂಡರೆ ನೆರಳಿನ ಅಂಚು ಚಾಕುವಿನಂತಾಗುತ್ತದೆ. ಸೂರ್ಯ ಎಷ್ಟೇ ದೊಡ್ಡದಿರಲಿ, ಇಲ್ಲಿಂದ ನೋಡಿದರೆ ಅರ್ಧ ಡಿಗ್ರಿಯಷ್ಟೇ ಅಗಲ. ಅದಕ್ಕೇ ಬಿಸಿಲಿನ ನೆರಳು ಅಷ್ಟು ಗಡುಸು. ಕಿಟಕಿಗೆ ಪರದೆ ಬಿಟ್ಟರೆ ಆ ಇಡೀ ಪರದೆಯೇ ದೀಪವಾಗುತ್ತದೆ. ಇದನ್ನು ಓದಿ ತಿಳಿಯಲು ಒಂದು ನಿಮಿಷ ಸಾಕು. ಕೈಗೆ ಹತ್ತಲು ಬಹಳ ಬೆಳಗುಗಳು ಬೇಕಾದವು.

ದೀಪ ಕೊಂಡ ಮೇಲೆ ಇನ್ನೊಂದು ಲೆಕ್ಕ ಉಪಯೋಗಕ್ಕೆ ಬಂತು. ಚಿಕ್ಕ ದೀಪದಿಂದ ದೂರ ಎರಡರಷ್ಟಾದರೆ ಬೀಳುವ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ದೂರ ಮೂರರಷ್ಟಾದರೆ ಒಂಬತ್ತನೇ ಒಂದು ಭಾಗ. ಹಾಗಾಗಿ ದೀಪದಿಂದ ಒಂದು ಮೀಟರಿನಲ್ಲಿ ವಸ್ತು, ಮೂರು ಮೀಟರಿನಲ್ಲಿ ಗೋಡೆ ಇದ್ದರೆ ಬಿಳಿ ಗೋಡೆಯೂ ಕಡು ಬೂದಿಯಾಗಿ ಕಾಣುತ್ತದೆ. ಹಿನ್ನೆಲೆಗೆ ಅಂತ ಬಣ್ಣಬಣ್ಣದ ಹಾಳೆ ಕೊಳ್ಳುವ ಮೊದಲು ಇದನ್ನು ಒಂದು ಸಲ ಮಾಡಿ ನೋಡಿ. ಖರ್ಚಿಲ್ಲದೆ ನಾಲ್ಕಾರು ಹಿನ್ನೆಲೆ ಸಿಗುತ್ತವೆ.

ನನಗೆ ಜಾಸ್ತಿ ಕಲಿಸಿದ್ದು ಸ್ಟೀಲ್ ಫ್ಲಾಸ್ಕ್. ಹೊಳೆಯುವ ಸ್ಟೀಲಿಗೆ ತನ್ನದು ಅನ್ನುವ ರೂಪವೇ ಇಲ್ಲ, ಅಲ್ವಾ? ಸುತ್ತ ಏನಿದೆಯೋ ಅದನ್ನೇ ತೋರಿಸುತ್ತದೆ. ಕಿಟಕಿ, ಟ್ರೈಪಾಡ್, ನನ್ನ ಅಂಗಿಯ ಬಣ್ಣ ಎಲ್ಲವೂ ಅದರ ಮೇಲೆ ಉದ್ದುದ್ದ ಎಳೆದಂತೆ ಮೂಡುತ್ತವೆ. ಅಂದರೆ ಫ್ಲಾಸ್ಕಿಗೆ ಬೆಳಕು ಬಿಡುವುದಕ್ಕಿಂತ ಅದಕ್ಕೆ ಏನು ಕಾಣಿಸಬೇಕು ಅಂತ ತೀರ್ಮಾನಿಸುವುದೇ ಕೆಲಸ. ಮೂರು ಕಡೆ ಬಿಳಿ ಹಾಳೆ ನಿಲ್ಲಿಸಿದೆ. ಕೊಳೆ ಪ್ರತಿಬಿಂಬಗಳೆಲ್ಲ ಹೋದವು. ಆದರೆ ಫ್ಲಾಸ್ಕ್ ಬೂದಿ ಬಣ್ಣದ ಚಪ್ಪಟೆ ಪಟ್ಟಿಯಂತಾಯಿತು, ದುಂಡು ಅನ್ನಿಸುತ್ತಲೇ ಇರಲಿಲ್ಲ. ಎಡಕ್ಕೂ ಬಲಕ್ಕೂ ಫ್ರೇಮಿನ ಆಚೆ ಒಂದೊಂದು ಸಣ್ಣ ಕಪ್ಪು ಪಟ್ಟಿ ಇಟ್ಟ ತಕ್ಷಣ ಎರಡು ಕಡು ಗೆರೆಗಳು ಮೈಮೇಲೆ ಇಳಿದವು. ಫ್ಲಾಸ್ಕ್ ದುಂಡಗಾಯಿತು. ಗಾಜಿಗೂ ಇದೇ ಉಪಾಯ: ಹಿಂದೆ ಬೆಳಗುವ ಬಿಳಿ, ಪಕ್ಕಗಳಲ್ಲಿ ಕಪ್ಪು. ಗಾಜಿನ ಅಂಚು ಬೆಳಕನ್ನು ಬಾಗಿಸುವುದರಿಂದ ಪಕ್ಕದ ಕಪ್ಪು ಅಂಚಿಗೆ ಬಂದು ಗೆರೆಯಾಗುತ್ತದೆ.

ಇನ್ನು ಧೂಳು. ವಸ್ತುಗಳ ಫೋಟೋಗ್ರಫಿ ಅಂದರೆ ಮುಕ್ಕಾಲು ಪಾಲು ಒರೆಸುವ ಕೆಲಸ. ಯಾರೂ ಇದನ್ನು ಮೊದಲೇ ಹೇಳುವುದಿಲ್ಲ. ಬರಿಗಣ್ಣಿಗೆ ಕಾಣದ ಎಳೆಯೊಂದು ಕಂಪ್ಯೂಟರಿನ ಪರದೆಯ ಮೇಲೆ ಹಗ್ಗದಷ್ಟು ದಪ್ಪ ಕಾಣುತ್ತದೆ. ಬೆರಳಚ್ಚು ಬೀಳದ ಹಾಗೆ ಹತ್ತಿಯ ಕೈಗವಸು, ಗಾಳಿ ಊದುವ ರಬ್ಬರ್ ಬಲ್ಬು, ಮೆತ್ತನೆಯ ಕುಂಚ. ಲೆನ್ಸಿಗಿಂತ ಜಾಸ್ತಿ ನಾನು ಮುಟ್ಟುವುದು ಇವನ್ನೇ. ಒರೆಸಲು ಸೋಮಾರಿತನ ಮಾಡಿದರೆ ಅದರ ಎಷ್ಟೋ ಪಟ್ಟು ಹೊತ್ತು ಎಡಿಟಿಂಗಿನಲ್ಲಿ ಹೋಗುತ್ತದೆ.

ಕೈ ಸ್ವಲ್ಪ ಕುದುರಿದ ಮೇಲೆ ಪೋರ್ಟ್‌ಫೋಲಿಯೊ ಮಾಡಬೇಕಾಯಿತು. ಯಾರೂ ಕೆಲಸ ಕೊಟ್ಟಿಲ್ಲ, ತೋರಿಸುವುದು ಏನನ್ನು? ನಾನೇ ನನಗೆ ಕೆಲಸ ಕೊಟ್ಟುಕೊಂಡೆ. ಚೀಟಿಯ ಮೇಲೆ ಗಿರಾಕಿ ಬರೆದಂತೆ ಬರೆಯುತ್ತಿದ್ದೆ: ‘ಕೈಗಡಿಯಾರ. ಜಾಲತಾಣದ ಮೊದಲ ಪುಟಕ್ಕೆ ಒಂದು ಅಡ್ಡ ಫೋಟೋ, ಎಡಗಡೆ ಅಕ್ಷರಕ್ಕೆ ಜಾಗ ಬಿಡಬೇಕು. ಬಿಳಿ ಹಿನ್ನೆಲೆಯಲ್ಲಿ ಮೂರು. ಪಟ್ಟಿಯ ಹೊಲಿಗೆ ಕಾಣುವಂತೆ ಒಂದು.’ ಅದಕ್ಕೊಂದು ಗಡುವು ಬೇರೆ. ಸುಮ್ನೆ ಚೆಂದದ ಫೋಟೋ ತೆಗೆಯುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ ಇದೆ. ಎಡಗಡೆ ಜಾಗ ಬಿಡು ಅಂದ ಕೂಡಲೇ ಬೆಳಕು ಎಲ್ಲಿಂದ ಬರಬೇಕು ಅನ್ನುವುದೇ ಬದಲಾಗುತ್ತದೆ. ಕೆಲಸ ಕೊಡುವವರು ನೋಡುವುದೂ ಇದನ್ನೇ. ಸೂರ್ಯಾಸ್ತ, ಬೆಕ್ಕು, ಗೆಳೆಯನ ನಗು ಎಲ್ಲವನ್ನೂ ಪೋರ್ಟ್‌ಫೋಲಿಯೊದಿಂದ ತೆಗೆದೆ. ಮನಸ್ಸಿಗೆ ಹತ್ತಿರವಾದ ಫೋಟೋಗಳೇ ಅವು, ಆದರೆ ಕನ್ನಡಕ ಮಾರುವವರಿಗೆ ಅವುಗಳಿಂದ ಏನೂ ತಿಳಿಯುವುದಿಲ್ಲ.

ಆಮೇಲೆ ಇಮೇಲ್ ಬರೆಯತೊಡಗಿದೆ. ಸಣ್ಣ ಪ್ರಮಾಣದಲ್ಲಿ ವಸ್ತು ಮಾಡಿ ಮಾರುವವರನ್ನು ಹುಡುಕಿ, ಎರಡೇ ಸಾಲು ಬರೆದು, ಅವರು ಮಾರುವಂಥದ್ದೇ ವಸ್ತುವಿನ ಒಂದು ಫೋಟೋ ಹಾಕಿ ಕಳಿಸುತ್ತಿದ್ದೆ. ಬಹಳ ಮಂದಿ ಉತ್ತರ ಕೊಡಲಿಲ್ಲ. ಕೆಲವರು ‘ಸದ್ಯ ಬೇಡ’ ಅಂದರು. ಕೆಲವರು ‘ದುಡ್ಡು ಇಲ್ಲ, ನಿಮ್ಮ ಹೆಸರು ಹಾಕುತ್ತೇವೆ’ ಅಂದರು. ಬಿಟ್ಟಿ ಕೆಲಸದ ಬಗ್ಗೆ ನನ್ನ ಅಭಿಪ್ರಾಯ ನೇರ. ವ್ಯಾಪಾರಕ್ಕೆ ಬಳಸುವ ಫೋಟೋ ಬಿಟ್ಟಿ ತೆಗೆದುಕೊಡುವುದಿಲ್ಲ. ಕಲಿಯಲು ಬೇಕಾದರೆ ಮೇಲೆ ಹೇಳಿದ ಚೀಟಿಗಳಿವೆ, ಗಡುವು ನನ್ನದು, ಫೋಟೋವೂ ನನ್ನದು. ಬಂಧುಗಳು ‘ಎರಡೇ ಎರಡು ಫೋಟೋ, ಸುಮ್ನೆ ತೆಗೆದುಕೊಡು’ ಅಂದಾಗ ಮಾತ್ರ ಈ ನಿಯಮ ಸ್ವಲ್ಪ ಬಳುಕುತ್ತದೆ.

ಮೊದಲು ಕೈಹಿಡಿದವರು ಮಣ್ಣಿನ ಲೋಟ ಮಾಡುವವರು. ‘ಬಿಳಿ ಹಿನ್ನೆಲೆ ಇದ್ದರೆ ಸಾಕು, ಜಾಸ್ತಿ ಏನೂ ಬೇಡ’ ಅಂದರು. ಫೋನಿನಲ್ಲೇ ತೆಗೆಯಬಹುದಲ್ಲ, ನಾನೇಕೆ ಬೇಕು ಅಂತ ಕೇಳಿದೆ. ‘ಬಣ್ಣ ನೋಡಿ ವಾಪಸ್ ಕಳಿಸುತ್ತಾರೆ. ಫೋಟೋದಲ್ಲಿ ನೀಲಿ, ಬಂದದ್ದು ಹಸಿರು ಅಂತಾರೆ. ಅದೇ ನನಗೆ ತಲೆನೋವು.’ ಆ ಒಂದು ಮಾತಿನಿಂದ ಇಡೀ ಕೆಲಸ ಏನು ಅಂತ ಸ್ಪಷ್ಟವಾಯಿತು. ಅವರಿಗೆ ಬೇಕಿದ್ದದ್ದು ಬಿಳಿ ಹಿನ್ನೆಲೆಗಿಂತ ನಂಬುವಂಥ ಬಣ್ಣ.

ಅವರು ಕಳಿಸಿದ್ದ ಹಳೆಯ ಫೋಟೋಗಳಲ್ಲಿ ಕಾರಣ ಕಾಣುತ್ತಿತ್ತು. ಒಂದು ಕಡೆಯಿಂದ ಕಿಟಕಿಯ ಬೆಳಕು, ಇನ್ನೊಂದು ಕಡೆಯಿಂದ ಮನೆಯ ಬಲ್ಬು. ಬೆಳಕಿನ ಬಣ್ಣವನ್ನು ಅಳೆಯುವುದು ಕೆಲ್ವಿನ್‌ನಲ್ಲಿ, ಅಂಕಿ ಹೆಚ್ಚಿದಷ್ಟೂ ನೀಲಿ, ಇಳಿದಷ್ಟೂ ಹಳದಿ. ಹಗಲಿನ ಬೆಳಕು ಸುಮಾರು 5500 ಕೆಲ್ವಿನ್, ಬೆಚ್ಚಗಿನ ಬಲ್ಬು 2700ರ ಆಸುಪಾಸು. ಲೋಟದ ಒಂದು ಮೈ ನೀಲಿಗೂ ಇನ್ನೊಂದು ಮೈ ಹಳದಿಗೂ ವಾಲುತ್ತದೆ. ಕ್ಯಾಮೆರಾ ಒಂದನ್ನು ಸರಿ ಮಾಡಿದರೆ ಮತ್ತೊಂದು ಕೆಡುತ್ತದೆ. ನಾನು ಬಲ್ಬೆಲ್ಲ ಆರಿಸಿ ಒಂದೇ ಬಗೆಯ ಬೆಳಕು ಇಟ್ಟುಕೊಂಡೆ. ಪ್ರತಿ ಸಾಲಿನ ಮೊದಲ ಫೋಟೋದಲ್ಲಿ ಲೋಟದ ಪಕ್ಕ ಬೂದಿ ಬಣ್ಣದ ಕಾರ್ಡ್ ನಿಲ್ಲಿಸಿದೆ. ಕಂಪ್ಯೂಟರಿನಲ್ಲಿ ಆ ಕಾರ್ಡಿನ ಮೇಲೆ ಒಂದು ಸಲ ಕ್ಲಿಕ್ ಮಾಡಿದರೆ ಆ ಸಾಲಿನ ಎಲ್ಲ ಫೋಟೋಗಳ ಬಿಳಿ ಸಮತೋಲ (ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ಹೊಂದಾಣಿಕೆ) ಒಂದೇ ಆಗುತ್ತದೆ. ರಾ ಫೈಲಿನಲ್ಲಿ, ಅಂದರೆ ಕ್ಯಾಮೆರಾ ಸಂಸ್ಕರಿಸದೆ ಹಾಗೇ ಉಳಿಸುವ ಫೈಲಿನಲ್ಲಿ, ತೆಗೆದದ್ದರಿಂದ ಇದಕ್ಕೆ ಅವಕಾಶವಿತ್ತು. 14 ಬಿಟ್ ರಾ ಫೈಲು ಒಂದೊಂದು ಬಣ್ಣಕ್ಕೆ 16,384 ಮೆಟ್ಟಿಲು ಇಟ್ಟುಕೊಳ್ಳುತ್ತದೆ, ಮಾಮೂಲಿ ಜೆಪೆಗ್‌ನಲ್ಲಿ ಅದು 256. ಕೊನೆಗೆ ಲೋಟಗಳನ್ನು ಕಂಪ್ಯೂಟರಿನ ಪರದೆಯ ಪಕ್ಕ ತಂದಿಟ್ಟುಕೊಂಡು, ಕಿಟಕಿಯ ಬೆಳಕಿನಲ್ಲಿ ಒಂದೊಂದನ್ನೇ ಹೋಲಿಸಿದೆ. ಹಸಿರಿನೊಳಗೆ ನೀಲಿ ಇಣುಕುವ ಒಂದು ಲೋಟ ಮಾತ್ರ ಬಹಳ ಸತಾಯಿಸಿತು. ಅದರ ಬಣ್ಣ ಅಂಚಿನಲ್ಲಿ ತೆಳುವಾಗಿ ಕಂದು ತೋರಿಸುತ್ತಿತ್ತು, ತಳದಲ್ಲಿ ದಪ್ಪಗೆ ಗಟ್ಟಿಯಾಗಿತ್ತು. ಅದಕ್ಕೆ ಎರಡು ಫೋಟೋ ಕೊಟ್ಟೆ, ಮೇಲಿಂದ ಒಂದು, ಪಕ್ಕದಿಂದ ಒಂದು.

ಕೊಳ್ಳುವವರ ಫೋನುಗಳು ಒಂದೊಂದೂ ಒಂದೊಂದು ಬಣ್ಣ ತೋರಿಸುತ್ತವೆ, ಅದಕ್ಕೆ ನಾನು ಹೊಣೆಯಲ್ಲ ಅಂತಲೂ ಮೊದಲೇ ಹೇಳಿದ್ದೆ. ಈಗ ಯಂತ್ರವೇ ಚಿತ್ರ ಮಾಡಿಕೊಡುವ ಕಾಲ, ನಿಮಗೇನು ಗತಿ ಅಂತ ಕೇಳುವವರಿದ್ದಾರೆ. ಬರೀ ಚೆಂದ ಬೇಕಾದ ಕಡೆ ಕೆಲಸ ಕಡಿಮೆ ಆಗಬಹುದು. ಕೊಳ್ಳುವವರ ಕೈಗೆ ಬರುವ ಲೋಟ ಯಾವುದೋ ಅದೇ ಕಾಣಬೇಕಾದ ಕಡೆ ಆ ಲೋಟದ ಮುಂದೆ ಯಾರಾದರೂ ಕ್ಯಾಮೆರಾ ಹಿಡಿದು ನಿಲ್ಲಲೇಬೇಕು.

ಫೋಟೋ ತೆಗೆಯುವ ಮೊದಲು ಒಂದು ಪುಟದ ಒಪ್ಪಂದ ಕಳಿಸುವುದನ್ನು ಆ ಕೆಲಸದಿಂದಲೇ ರೂಢಿ ಮಾಡಿಕೊಂಡೆ. ವಕೀಲರ ಭಾಷೆ ಇಲ್ಲ, ಇಮೇಲಿನಲ್ಲೇ ‘ಒಪ್ಪಿಗೆ’ ಅಂತ ಉತ್ತರ ಬಂದರೂ ಆಯಿತು. ಎಷ್ಟು ಫೋಟೋ, ಯಾವತ್ತು ಕೊಡುವುದು, ಎಷ್ಟು ಸಲ ತಿದ್ದಿಕೊಡುವುದು, ಮುಂಗಡ ಎಷ್ಟು, ದಿನ ಗೊತ್ತಾದ ಮೇಲೆ ಬೇಡ ಅಂದರೆ ಮುಂಗಡದ ಗತಿ ಏನು. ಇದರಲ್ಲಿ ‘ಎಷ್ಟು ಸಲ ತಿದ್ದುವುದು’ ಅನ್ನುವುದನ್ನು ಬಿಡಲೇಬೇಡಿ. ಅದಿಲ್ಲದಿದ್ದರೆ ಕೆಲಸಕ್ಕೆ ಕೊನೆಯೇ ಇರುವುದಿಲ್ಲ.

ಒಪ್ಪಂದದಲ್ಲಿ ತೂಕದ ಸಾಲು ಇನ್ನೊಂದಿದೆ: ಫೋಟೋ ಎಲ್ಲೆಲ್ಲಿ ಬಳಸಬಹುದು, ಎಷ್ಟು ಕಾಲ. ಜಾಲತಾಣಕ್ಕೆ ಅಂತ ತೆಗೆದದ್ದು ಪೊಟ್ಟಣದ ಮೇಲೆ, ರಸ್ತೆ ಬದಿಯ ದೊಡ್ಡ ಫಲಕದ ಮೇಲೆ ಹೋದರೆ ಅದರ ಬೆಲೆ ಬೇರೆ. 1886ರ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಹಕ್ಕುಸ್ವಾಮ್ಯಕ್ಕೆ ನೋಂದಣಿ ಬೇಕಿಲ್ಲ, ಫೋಟೋ ತೆಗೆದಾಗಲೇ ಹಕ್ಕು ಹುಟ್ಟುತ್ತದೆ. ಆದರೆ ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು ಯಾರದು ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ಕೆಲವು ಕಡೆ, ಏನೂ ಬರೆದಿಲ್ಲ ಅಂದರೆ ತೆಗೆಸಿದವರದ್ದೇ. ಹಾಗಾಗಿ ಬರೆದುಕೊಳ್ಳುವುದೇ ಕ್ಷೇಮ. ಇದನ್ನು ಹೇಳಲು ಶುರುವಿನಲ್ಲಿ ನಾಚಿಕೆ ಆಗುತ್ತದೆ, ಗಿರಾಕಿ ಓಡಿಹೋಗುತ್ತಾರೆ ಅನ್ನಿಸುತ್ತದೆ. ಕೇಳಿದ್ದಕ್ಕೆ ಯಾರೂ ಓಡಿಹೋದದ್ದನ್ನು ನಾನು ಕಂಡಿಲ್ಲ.

ದರ ಹೇಳುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ನಾನು ಮಾಡಿದ್ದು ಇಷ್ಟೇ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಕೆಲಸಕ್ಕೆ ಹೋದ ಹೊತ್ತನ್ನೆಲ್ಲ ಬರೆದಿಟ್ಟೆ. ಮಾತುಕತೆ, ವಸ್ತು ತರಿಸುವುದು, ಒರೆಸುವುದು, ಬೆಳಕು ಹೊಂದಿಸುವುದು, ಎಡಿಟಿಂಗ್, ಫೈಲ್ ಕಳಿಸುವುದು, ಬಾಕಿ ಕೇಳುವುದು. ಕ್ಯಾಮೆರಾ ಕೈಯಲ್ಲಿದ್ದ ಹೊತ್ತೇ ಎಲ್ಲಕ್ಕಿಂತ ಕಡಿಮೆ. ಆ ನೋಟ್‌ಬುಕ್ ನೋಡಿದ ಮೇಲೆ ‘ಗಂಟೆಗೆ ಇಷ್ಟು’ ಅನ್ನುವುದನ್ನು ಬಿಟ್ಟು ‘ಈ ಕೆಲಸಕ್ಕೆ ಇಷ್ಟು’ ಅಂತ ಹೇಳತೊಡಗಿದೆ. ದರ ಹೇಳಿ ಸುಮ್ಮನಿರುವುದನ್ನು ಕಲಿಯಲು ಮಾತ್ರ ಬಹಳ ಕಷ್ಟಪಟ್ಟೆ. ಹೇಳಿದ ಮರುಕ್ಷಣವೇ ‘ಬೇಕಾದರೆ ಸ್ವಲ್ಪ ಕಡಿಮೆ ಮಾಡೋಣ’ ಅಂತ ನಾಲಿಗೆ ತಾನಾಗಿ ಓಡುತ್ತದೆ.

ಫೈಲ್ ಕೊಡುವ ರೀತಿಯಲ್ಲೂ ಹೆಸರು ಉಳಿಯುತ್ತದೆ. ಜಾಲತಾಣಕ್ಕೆ ಎಸ್‌ಆರ್‌ಜಿಬಿ (ಹೆಚ್ಚಿನ ಪರದೆಗಳು ಬಳಸುವ ಬಣ್ಣದ ಮಾನಕ) ಬಣ್ಣದಲ್ಲಿ ಸಣ್ಣ ಜೆಪೆಗ್, ಮುದ್ರಣಕ್ಕೆ ಪೂರ್ತಿ ಗಾತ್ರದ ಇನ್ನೊಂದು ಫೋಲ್ಡರ್. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ ಎ4 ಹಾಳೆಗೆ 2480 × 3508 ಪಿಕ್ಸೆಲ್ ಸಾಕು. 24 ಮೆಗಾಪಿಕ್ಸೆಲ್ ಕ್ಯಾಮೆರಾ ಕೊಡುವುದು 6000 × 4000. ಎ3ಕ್ಕೂ ಆಯಿತು. ಹೊಸ ಕ್ಯಾಮೆರಾ ಬೇಕೇ ಅಂತ ಕೇಳುವವರಿಗೆ ನಾನು ಈ ಗುಣಾಕಾರವನ್ನೇ ತೋರಿಸುತ್ತೇನೆ. ಫೈಲಿನ ಹೆಸರು ‘ಐಎಂಜಿ 4471’ ಅಂತ ಬಿಡುವ ಬದಲು ಗಿರಾಕಿ ಆ ವಸ್ತುವನ್ನು ಏನಂತ ಕರೆಯುತ್ತಾರೋ ಅದನ್ನೇ ಇಡುತ್ತೇನೆ. ಇನ್ನು ಪ್ರತಿಗಳು ಮೂರು, ಎರಡು ಬೇರೆ ಬಗೆಯ ಸಾಧನಗಳಲ್ಲಿ, ಒಂದಾದರೂ ಬೇರೆ ಜಾಗದಲ್ಲಿ. ಲೋಟದವರು ಒಂದು ಸಲ ಹಳೆಯ ಫೋಟೋಗಳನ್ನೆಲ್ಲ ಕಳೆದುಕೊಂಡು ಕೇಳಿದಾಗ ಅವತ್ತೇ ಕಳಿಸಿಕೊಟ್ಟೆ. ಅವರೇ ನನ್ನನ್ನು ಇನ್ನಿಬ್ಬರಿಗೆ ಹೇಳಿದರು.

ಹಳೆಯ ಕೆಲಸ ಬಿಟ್ಟದ್ದು ಬಹಳ ತಡವಾಗಿ, ಬೇಕೆಂದೇ ತಡವಾಗಿ. ಆರು ತಿಂಗಳ ಮನೆಖರ್ಚು ಕೂಡಿಟ್ಟ ಮೇಲೂ ಬಿಡಲಿಲ್ಲ. ಒಮ್ಮೆ ಬಂದ ಗಿರಾಕಿಗಳು ನಾನು ಕೇಳದೆಯೇ ಮತ್ತೆ ಬರಲು ಶುರುವಾಗಲಿ ಅಂತ ಕಾದೆ. ಹೊಸಬರನ್ನು ಹುಡುಕುವುದಕ್ಕೇ ತಿಂಗಳ ಅರ್ಧ ಹೋಗುವಾಗ ಸಂಬಳ ಬಿಡುವುದು ನನಗೆ ಧೈರ್ಯ ಅನ್ನಿಸಲಿಲ್ಲ. ಸಂಬಳ ಇದ್ದುದರಿಂದಲೇ ನನಗೆ ಒಗ್ಗದ ಕೆಲಸಕ್ಕೆ ಬೇಡ ಅನ್ನಲು ಆಯಿತು, ದರವನ್ನೂ ಗಟ್ಟಿಯಾಗಿ ಹೇಳಲು ಆಯಿತು. ಬಿಟ್ಟ ಮೇಲಿನ ಮೊದಲ ವಾರ ಹೊಸ ಮೇಲ್ ಒಂದನ್ನೂ ಬರೆಯಲಿಲ್ಲ. ಬಾಕಿ ಇದ್ದ ಎರಡು ಕೆಲಸ ಮುಗಿಸಿ, ಬಿಲ್ ಕಳಿಸಿದೆ.