ಅಂಗಡಿ ಪಾಲಾಗುವಾಗ ಮೊದಲು ಸಾಲ ನೋಡಿ

ಶಿವಮೊಗ್ಗದಲ್ಲಿ ನಮ್ಮದು ಕುರುಕಲು ತಿಂಡಿ ಅಂಗಡಿ. ಮುಂದೆ ಕೌಂಟರ್, ಹಿಂದೆ ಅಡುಗೆಮನೆ. ನಾನೂ ನನ್ನ ಗಂಡನೂ ಸಮಪಾಲಿನಲ್ಲಿ ಶುರು ಮಾಡಿದ್ದು. ಪಾಲುದಾರಿಕೆ ಪತ್ರ ಬರೆಸಿ ಫರ್ಮ್ ನೋಂದಣಿಯನ್ನೂ ಮಾಡಿಸಿದ್ದೆವು. ಇನ್ನು ಒಟ್ಟಿಗೆ ಬಾಳುವುದು ಆಗುವುದಿಲ್ಲ ಅಂತ ಇಬ್ಬರಿಗೂ ಗೊತ್ತಾದಾಗ ವ್ಯಾಪಾರ ಚೆನ್ನಾಗಿಯೇ ನಡೀತಿತ್ತು. ಏಳು ಜನ ಕೆಲಸಕ್ಕಿದ್ದರು. ಮುಚ್ಚುವ ಮಾತೇ ಬರಲಿಲ್ಲ. ಅಂಗಡಿ ನಾನು ನಡೆಸುವುದು, ಅವರು ಪಾಲಿನ ಹಣ ತಗೊಂಡು ಬಿಡುವುದು ಅಂತ ಮಾತಾಯಿತು.

ನೆಂಟರೆಲ್ಲ ಕೇಳಿದ್ದು ಒಂದೇ: "ಹೆಂಡತಿಗೆ ಅರ್ಧ ಬರುತ್ತಲ್ವಾ?" ಮದುವೆಯಾದ ಮಾತ್ರಕ್ಕೆ ನಮ್ಮಲ್ಲಿ ವ್ಯಾಪಾರದ ಅರ್ಧ ಬರುವುದಿಲ್ಲ. ಪತ್ರದಲ್ಲಿ ಎಷ್ಟು ಬರೆದಿದೆಯೋ ಅಷ್ಟು. ಜೀವನಾಂಶ ಬೇರೆ, ಪಾಲು ಬೇರೆ. ಎರಡನ್ನೂ ಒಂದೇ ಮಾತಿನಲ್ಲಿ ತರಬೇಡಿ ಅಂತ ನಮ್ಮ ಲಾಯರಮ್ಮ ಮೊದಲೇ ಹೇಳಿದ್ದರು. ಅದನ್ನು ಕೊನೆಯವರೆಗೂ ಪಾಲಿಸಿದೆವು. ಮಗಳ ವಿಷಯ ಮಾತಾಡುವ ದಿನ ಅಂಗಡಿ ಲೆಕ್ಕ ತೆಗೆಯುತ್ತಿರಲಿಲ್ಲ.

ಪಾಲುದಾರರು ಇಬ್ಬರೇ ಇದ್ದು ಒಬ್ಬರು ಹೊರಟರೆ ಫರ್ಮ್ ಅಲ್ಲಿಗೆ ಮುಗಿಯುತ್ತದೆ. ಆಗ ಲೆಕ್ಕ ಹೇಗೆ ತೀರಿಸಬೇಕು ಅಂತ 1932ರ ಪಾಲುದಾರಿಕೆ ಕಾಯ್ದೆಯಲ್ಲೇ ಇದೆ. ಮೊದಲು ಹೊರಗಿನ ಸಾಲ. ಆಮೇಲೆ ಪಾಲುದಾರರು ಫರ್ಮ್‌ಗೆ ಕೊಟ್ಟ ಕೈಸಾಲ. ಆಮೇಲೆ ಬಂಡವಾಳ. ಉಳಿದದ್ದು ಲಾಭದ ಅನುಪಾತದಲ್ಲಿ. ಈ ಕ್ರಮ ಹಿಡಿದದ್ದರಿಂದಲೇ ನಮ್ಮ ಜಗಳ ಅರ್ಧ ಕಡಿಮೆಯಾಯಿತು. ಯಾರಿಗೆಷ್ಟು ಬರುತ್ತದೆ ಅಂತ ಕೂತರೆ ಮಾತು ಬೆಳೆಯುತ್ತದೆ. ನಾವಿಬ್ಬರೂ ಯಾರಿಗೆಷ್ಟು ಕೊಡಬೇಕು ಅಂತ ಕೂತರೆ ಇಬ್ಬರ ಕಣ್ಣೂ ಒಂದೇ ಹಾಳೆಯ ಮೇಲಿರುತ್ತದೆ.

ಆ ಹಾಳೆಯಲ್ಲಿ ದಿನಸಿ ಮಂಡಿ ಬಾಕಿ, ಎಣ್ಣೆ ಬಾಕಿ, ಪ್ಯಾಕಿಂಗ್ ಮೆಷಿನ್ ಕಂತು, ಬ್ಯಾಂಕಿನ ಓಡಿ (ಓವರ್‌ಡ್ರಾಫ್ಟ್, ಖಾತೆಯಲ್ಲಿರುವುದಕ್ಕಿಂತ ಹೆಚ್ಚು ತೆಗೆಯಲು ಬ್ಯಾಂಕು ಕೊಡುವ ಸಾಲ) ಇದ್ದವು. ಓಡಿಗೆ ಅತ್ತೆಯ ಹೆಸರಿನ ಸೈಟಿನ ಪತ್ರ ಅಡವಿತ್ತು. ನಮ್ಮಿಬ್ಬರದೂ ವೈಯಕ್ತಿಕ ಜಾಮೀನು. ನಮ್ಮ ಒಪ್ಪಂದ ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ. "ಸಾಲ ಇನ್ನು ನನ್ನದು" ಅಂತ ನಾನು ಬರೆದುಕೊಟ್ಟರೂ, ನಾನು ಕಟ್ಟದಿದ್ದರೆ ಬ್ಯಾಂಕು ಅವರನ್ನೇ ಹಿಡಿಯುತ್ತದೆ, ಅತ್ತೆಯ ಸೈಟು ಹೋಗುತ್ತದೆ. ಅದಕ್ಕೇ ನನ್ನ ಒಬ್ಬಳ ಹೆಸರಲ್ಲಿ ಹೊಸ ಸಾಲ ತೆಗೆದು ಹಳೇ ಓಡಿ ಮುಚ್ಚಿಸಿದೆ. ಬ್ಯಾಂಕಿನವರು ತುಂಬಾ ಓಡಾಡಿಸಿದರು. ಆದರೂ ಇದನ್ನು ಬಿಟ್ಟು ಬೇರೆ ದಾರಿ ಹಿಡಿಯಬೇಡಿ ಅಂತಲೇ ಹೇಳುತ್ತೇನೆ.

ಗುಡ್‌ವಿಲ್ ಲೆಕ್ಕಕ್ಕೆ, ಅಂದರೆ ಅಂಗಡಿಯ ಹೆಸರಿಗೂ ಗಿರಾಕಿಗಳ ನಂಬಿಕೆಗೂ ಕಟ್ಟುವ ಬೆಲೆಗೆ, ಜಾಸ್ತಿ ಸಮಯ ಹೋಯಿತು. ಮೂರು ವರ್ಷದ ಸರಾಸರಿ ಲಾಭ 9 ಲಕ್ಷ. ಅದರ ಎರಡು ಪಟ್ಟು ಹಿಡಿಯೋಣ ಅಂತ ಮಾತು ಬಂತು. ಆದರೆ ನಾವಿಬ್ಬರೂ ಸಂಬಳ ತಗೊಂಡವರೇ ಅಲ್ಲ. ನಾನು ಬೆಳಗಿನ ಜಾವ ಬಾಂಡಲಿ ಮುಂದೆ ನಿಲ್ಲುತ್ತಿದ್ದೆ, ಅವರು ರಾತ್ರಿವರೆಗೂ ಕೌಂಟರ್‌ನಲ್ಲಿ. ನನ್ನ ಜಾಗಕ್ಕೆ ಭಟ್ಟರನ್ನಿಟ್ಟರೆ ತಿಂಗಳಿಗೆ 25,000. ಅವರ ಜಾಗಕ್ಕೆ ಹುಡುಗನನ್ನಿಟ್ಟರೆ 15,000. ವರ್ಷಕ್ಕೆ 4.8 ಲಕ್ಷ. ಅದನ್ನು ಕಳೆದರೆ ಅಂಗಡಿಯ ನಿಜವಾದ ಲಾಭ 4.2 ಲಕ್ಷ. ಎರಡು ಪಟ್ಟು ಮಾಡಿದರೆ 8.4, ಅವರ ಪಾಲು 4.2 ಲಕ್ಷ. ನಮ್ಮ ದುಡಿಮೆಗೇ ಬೆಲೆ ಕಟ್ಟಿ ನಾನು ಅವರಿಂದ ಕೊಳ್ಳುವುದು ಸರಿಯಲ್ಲ ಅಂತ ಆಡಿಟರ್ ವಿವರಿಸಿದರು. ನನ್ನ ಗಂಡನೂ ಒಪ್ಪಿದರು.

ಉದ್ದರಿ ಪುಸ್ತಕವನ್ನು ಸಾಲು ಸಾಲಾಗಿ ಓದಿದೆವು. ಮೂರು ತಿಂಗಳೊಳಗಿನ ಬಾಕಿಗೆ ಪೂರ್ತಿ ಬೆಲೆ. ವರ್ಷ ದಾಟಿದ್ದಕ್ಕೆ ಸೊನ್ನೆ, ವಸೂಲಾದರೆ ಅರ್ಧರ್ಧ. ಮೂರು ವರ್ಷ ದಾಟಿದರೆ ಸಾಮಾನ್ಯವಾಗಿ ಕೋರ್ಟಿನಲ್ಲೂ ಕೇಳಲಾಗುವುದಿಲ್ಲ, ಅವನ್ನು ಹೊಡೆದುಹಾಕಿದೆವು. ದಾಸ್ತಾನು ಒಂದೇ ರಾತ್ರಿ ಎಣಿಸಿದೆವು: ಎಣ್ಣೆ ಟಿನ್ನು, ಅಕ್ಕಿಹಿಟ್ಟಿನ ಮೂಟೆ, ಡಬ್ಬಿಯಲ್ಲಿದ್ದ ಕೋಡುಬಳೆ, ನಿಪ್ಪಟ್ಟು. ಇಬ್ಬರೂ ಪ್ರತಿ ಹಾಳೆಗೂ ಸಹಿ ಹಾಕಿದೆವು.

ಹೊರಹೋಗುವ ಪಾಲುದಾರ ಇಂತಿಷ್ಟು ಕಾಲ, ಇಂಥ ಊರಲ್ಲಿ ಅದೇ ವ್ಯಾಪಾರ ಮಾಡುವುದಿಲ್ಲ ಅಂತ ಬರೆಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ. ಎರಡು ವರ್ಷ, ಶಿವಮೊಗ್ಗ ನಗರದೊಳಗೆ ಅಂತ ಬರೆಸಿದೆ. ಅದಕ್ಕಿಂತ ಜಾಸ್ತಿ ಕೇಳಲಿಲ್ಲ. ಅವರಿಗೂ ಹೊಟ್ಟೆಪಾಡು ಇದೆ.

ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಅರ್ಜಿ ಹಾಕಿದ ಮೇಲೆ ಸಾಮಾನ್ಯವಾಗಿ ಆರು ತಿಂಗಳು ಕಾಯಬೇಕು. 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮನ್ನಾ ಮಾಡಬಹುದು ಅಂದಿದೆ. ನಾವು ಮನ್ನಾ ಕೇಳಲಿಲ್ಲ. ಲೆಕ್ಕ ತೀರಿಸಲು ಆ ಸಮಯ ನಮಗೆ ಬೇಕಿತ್ತು. ಆ ಅವಧಿಯಲ್ಲಿ ಯಾರು ಬೇಕಾದರೂ ಒಪ್ಪಿಗೆ ವಾಪಸ್ ಪಡೆಯಬಹುದು. ಹಾಗಾಗಿ ಹಣವನ್ನು ಕಂತು ಮಾಡಿ, ಕೊನೆಯ ಡಿಡಿಯನ್ನು, ಇಬ್ಬರೂ ಒಪ್ಪಿಗೆಯನ್ನು ಮತ್ತೆ ಹೇಳುವ ಎರಡನೇ ಹೇಳಿಕೆಯ ದಿನ, ಕೋರ್ಟಿನಲ್ಲೇ ಕೊಟ್ಟೆ.

ಫರ್ಮ್‌ನ ಪ್ಯಾನ್ ಹೋದ ಮೇಲೆ ಜಿಎಸ್‌ಟಿ ನಂಬರೂ ಹೊಸದು. ಹಳೇ ಖಾತೆಯ ತೆರಿಗೆ ಕ್ರೆಡಿಟ್ಟನ್ನು (ಖರೀದಿಯ ಮೇಲೆ ಮೊದಲೇ ಕಟ್ಟಿದ ತೆರಿಗೆಯ ಜಮೆ) ಐಟಿಸಿ-02 ಫಾರಂನಲ್ಲಿ ವರ್ಗಾಯಿಸಿಕೊಂಡೆ. ಆಹಾರ ಪರವಾನಗಿಯೂ ನನ್ನ ಹೆಸರಿಗೆ ಬಂತು. ಕೌಂಟರಿನ ಯುಪಿಐ ಸ್ಟಿಕ್ಕರ್ ಕಿತ್ತು ಹೊಸದು ಅಂಟಿಸಿದ್ದು ಅದೇ ದಿನ. ಬಿಟ್ಟಿದ್ದರೆ ಗಿರಾಕಿಗಳ ಹಣ ಇನ್ನೂ ಜಂಟಿ ಖಾತೆಗೇ ಬೀಳುತ್ತಿತ್ತು.

ಕೊನೆಗೆ ಸಾರ್ವಜನಿಕ ಪ್ರಕಟಣೆ. ಫರ್ಮ್ ಮುಗಿದದ್ದನ್ನು ಹೊರಗಿನವರಿಗೆ ತಿಳಿಸುವವರೆಗೂ ಒಬ್ಬರು ಮಾಡಿದ ಸಾಲ ಇನ್ನೊಬ್ಬರ ತಲೆಗೂ ಬರಬಹುದು. ನೋಂದಾಯಿತ ಫರ್ಮ್ ಆದ್ದರಿಂದ ರಿಜಿಸ್ಟ್ರಾರ್‌ಗೆ ತಿಳಿಸಿ, ರಾಜ್ಯಪತ್ರದಲ್ಲೂ ಕನ್ನಡ ಪತ್ರಿಕೆಯಲ್ಲೂ ಹಾಕಿಸಿದೆವು. ಖರ್ಚು ಇಬ್ಬರೂ ಹಂಚಿಕೊಂಡೆವು. ಮಂಡಿಯವರಿಗೆ ಮಾತ್ರ ನಾವೇ ಹೋಗಿ ಹೇಳಿಬಂದೆವು.