ಔಷಧಿ ಗಿಡದ ಮೇಲೆ ಪ್ರಾಜೆಕ್ಟ್ ಮಾಡ್ತಿದ್ದೀರಾ? ಅರಿಶಿನದಿಂದ ಶುರು ಮಾಡಿ

ಬಿಎಸ್ಸಿ, ಎಂಎಸ್ಸಿ, ಬಿಫಾರ್ಮ ಕೊನೆಯ ವರ್ಷ ಬಂತೆಂದರೆ ಲ್ಯಾಬಿನಲ್ಲಿ ಗಿಡಮೂಲಿಕೆಗಳದೇ ಸುಗ್ಗಿ. ಒಬ್ಬರು ನೆಲನೆಲ್ಲಿ ತರುತ್ತಾರೆ, ಇನ್ನೊಬ್ಬರು ತುಂಬೆ, ಮತ್ತೊಬ್ಬರು ಲೋಳೆಸರ. ಆಮೇಲೆ ನೋಡಿದರೆ ಎಲ್ಲರ ವರದಿಯ ಕೊನೆಯ ಪುಟವೂ ಒಂದೇ: ಇದರಲ್ಲಿ ಫ್ಲೇವನಾಯ್ಡ್, ಟ್ಯಾನಿನ್ ಅನ್ನೋ ಸಸ್ಯ ರಾಸಾಯನಿಕಗಳಿವೆ, ಆದ್ದರಿಂದ ಸಕ್ಕರೆ ಕಾಯಿಲೆಗೂ ಕ್ಯಾನ್ಸರಿಗೂ ಇದು ರಾಮಬಾಣ. ಪ್ರಯೋಗ ಹೇಳಿದ್ದು ಇಷ್ಟು, ಬರೆದದ್ದು ಅಷ್ಟುದ್ದ. ಹಾಗಾಗದಂತೆ ಬೆಂಚಿನ ಮೇಲೆ ಏನು ಮಾಡಬೇಕು, ಏನು ಬರೆಯಬೇಕು ಅನ್ನೋದನ್ನ ಇಲ್ಲಿ ಹೇಳುತ್ತೇನೆ.

ಗಿಡ ಯಾವುದು? ಅರಿಶಿನ ತಗೊಳ್ಳಿ. ಸರ್ಪಗಂಧದಲ್ಲಿ ರಕ್ತದೊತ್ತಡದ ಔಷಧಿ ರಿಸರ್ಪೀನ್ ಇದೆ, ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲಿ ಕ್ಯಾನ್ಸರ್ ಔಷಧಿಗಳಿಗೆ ಮೂಲವಾದ ಕ್ಯಾಂಪ್ಟೊಥೆಸಿನ್ ಇದೆ, ಎರಡೂ ಕೇಳೋಕೆ ರೋಮಾಂಚನವೇ. ಆದರೆ ಅವನ್ನು ಕಾಡಿನಿಂದ ಕಿತ್ತು ಕಿತ್ತು ಆಗಲೇ ಸಂಕಟಕ್ಕೆ ತಂದಿದ್ದೇವೆ, ಅರಣ್ಯ ಇಲಾಖೆಯ ಅನುಮತಿಯೂ ಬೇಕು. ಅರಿಶಿನ ಅಂಗಡಿಯಲ್ಲೇ ಸಿಗುತ್ತದೆ, ಅದರ ಮುಖ್ಯ ವಸ್ತು ಕರ್ಕ್ಯುಮಿನ್ ಹಳದಿ ಬಣ್ಣದ್ದಾದ್ದರಿಂದ ಕಣ್ಣಿಗೇ ಕಾಣುತ್ತದೆ, ಹೋಲಿಸಿ ನೋಡಲು ಹಳೆಯ ಸಂಶೋಧನೆಯೂ ಬೇಕಾದಷ್ಟಿದೆ. ಪ್ಯಾಕೆಟ್ ಪುಡಿ ಮಾತ್ರ ಬೇಡ. ಪಿಷ್ಟ ಬೆರೆಸಿರಬಹುದು, ಬಣ್ಣ ಬೆರೆಸಿರಬಹುದು. ಬಾಂಗ್ಲಾದೇಶದಲ್ಲಂತೂ ಹಳದಿ ಎದ್ದು ಕಾಣಲಿ ಅಂತ ಸೀಸದ ವಿಷಕಾರಿ ಬಣ್ಣವಾದ ಲೆಡ್ ಕ್ರೋಮೇಟ್ ಹಚ್ಚುತ್ತಿದ್ದುದನ್ನು ಸಂಶೋಧಕರು ಪತ್ತೆ ಮಾಡಿ 2019ರಲ್ಲಿ ಪ್ರಕಟಿಸಿದ್ದರು. ಒಣ ಕೊಂಬು ತಂದು ನೀವೇ ಪುಡಿ ಮಾಡಿ. ಸಾಧ್ಯವಾದರೆ ಹೊಲದಿಂದಲೇ, ಎಲೆ ಹೂವಿನ ಸಮೇತ ಇಡೀ ಗಿಡ ತನ್ನಿ.

ಯಾಕೆ ಇಡೀ ಗಿಡ ಅಂದರೆ, ಗುರುತು ತಪ್ಪಿದರೆ ಮುಂದಿನದೆಲ್ಲ ದಂಡ. ಬ್ರಾಹ್ಮಿ ಅಂತ ಕೇಳಿ ನೋಡಿ. ಒಬ್ಬರು ತಂಬುಳಿ ಮಾಡುವ ಒಂದೆಲಗ ಕೊಡುತ್ತಾರೆ, ಇನ್ನೊಬ್ಬರು ನೀರುಬ್ರಾಹ್ಮಿ ಕೊಡುತ್ತಾರೆ. ಮೊದಲನೆಯದರಲ್ಲಿ ಏಷಿಯಾಟಿಕೊಸೈಡ್, ಎರಡನೆಯದರಲ್ಲಿ ಬ್ಯಾಕೊಸೈಡ್. ಎರಡೂ ಬೇರೆ ಬೇರೆ ಕುಟುಂಬದ ಗಿಡಗಳು. ಒಣಗಿದ ತೊಗಟೆಯ ಕಥೆ ಇನ್ನೂ ಕಷ್ಟ. ದಕ್ಷಿಣ ಭಾರತದ ಮಾರುಕಟ್ಟೆಗಳಿಂದ ತಂದ ಅಶೋಕದ ತೊಗಟೆಯನ್ನು ಡಿಎನ್‌ಎ ಮತ್ತು ಎನ್‌ಎಂಆರ್ (ಅಣುಗಳ ರಚನೆ ತೋರಿಸುವ ವಿಧಾನ) ಎರಡರಿಂದಲೂ ಪರೀಕ್ಷಿಸಿದಾಗ ನೂರಕ್ಕೆ 80ಕ್ಕಿಂತ ಹೆಚ್ಚು ಮಾದರಿ ಅಶೋಕವೇ ಅಲ್ಲ ಅಂತ ಗೊತ್ತಾಯಿತು. ಆದ್ದರಿಂದ ಹೂವೋ ಕಾಯೋ ಇರುವ ಒಂದು ಕೊಂಬೆಯನ್ನು ಹಳೆ ಪೇಪರಿನ ನಡುವೆ ಇಟ್ಟು, ಮೇಲೆ ಭಾರ ಹೇರಿ, ದಿನಾ ಪೇಪರ್ ಬದಲಿಸುತ್ತಾ ಒಣಗಿಸಿ. ಎಲ್ಲಿ, ಯಾವತ್ತು, ಯಾರು ಕಿತ್ತದ್ದು ಅಂತ ಚೀಟಿ ಅಂಟಿಸಿ. ಕಾಲೇಜಿನ ಸಸ್ಯಶಾಸ್ತ್ರದವರಿಗೆ ತೋರಿಸಿ, ಹರ್ಬೇರಿಯಂ (ಒಣ ಗಿಡಗಳ ಸಂಗ್ರಹ) ಸಂಖ್ಯೆ ಪಡೆದು ವರದಿಯಲ್ಲಿ ಹಾಕಿ. ವರದಿಯಲ್ಲಿ ನಾನು ಮೊದಲು ಹುಡುಕುವುದೇ ಆ ಸಂಖ್ಯೆ.

ಒಣಗಿಸುವುದು ನೆರಳಲ್ಲಿ, ಫ್ಯಾನ್ ಗಾಳಿಯಲ್ಲಿ. ಬಿಸಿಲು ಬೇಡ, ಕರ್ಕ್ಯುಮಿನ್‌ಗೆ ಬೆಳಕು ಆಗಿಬರುವುದಿಲ್ಲ. ಚೆನ್ನಾಗಿ ಒಣಗಿದ ಮೇಲೆ ಪುಡಿ ಮಾಡಿ, ಜರಡಿ ಹಿಡಿದು, 10 ಗ್ರಾಂ ತೂಗಿ ಕಂದು ಬಾಟಲಿಗೆ ಹಾಕಿ, 100 ಮಿಲಿ ಎಥನಾಲ್ ಸುರಿಯಿರಿ. ಒಂದು ದಿನ ಇಡಿ, ನಡುನಡುವೆ ಕುಲುಕಿ. ಆಮೇಲೆ ಸೋಸಿ, ರೋಟರಿ ಇವ್ಯಾಪರೇಟರಿನಲ್ಲಿ ಕಡಿಮೆ ಬಿಸಿಯಲ್ಲಿ ಎಥನಾಲ್ ತೆಗೆದುಬಿಡಿ. ಉಳಿದ ಸಾರದ ತೂಕ 1.2 ಗ್ರಾಂ ಆದರೆ ಇಳುವರಿ ನೂರಕ್ಕೆ 12. ಇದು ಸಾರದ ಇಳುವರಿ, ಕರ್ಕ್ಯುಮಿನ್‌ದಲ್ಲ. ಒಣ ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದೇ ಸಾಮಾನ್ಯವಾಗಿ ನೂರಕ್ಕೆ 3ರ ಆಸುಪಾಸು.

ದ್ರಾವಕವನ್ನು ಮತ್ತೆ ಮತ್ತೆ ಕುದಿಸಿ ಸಾರ ತೆಗೆಯುವ ಸಾಕ್ಸ್‌ಲೆಟ್ ಉಪಕರಣ ಇದೆ ಅಂತ ಎಲ್ಲದಕ್ಕೂ ಅದನ್ನೇ ಹೂಡಬೇಡಿ. ಗಂಟೆಗಟ್ಟಲೆ ಕುದಿಸಿದರೆ ಕೆಲವು ಅಣುಗಳು ಉಳಿಯುವುದೇ ಇಲ್ಲ. ಮಲೇರಿಯಾ ಔಷಧಿ ಆರ್ಟೆಮಿಸಿನಿನ್ ಸಿಕ್ಕಿದ್ದೇ ಇದನ್ನು ಗಮನಿಸಿದ್ದರಿಂದ. ಚೀನಾದ ಟೂ ಯೂಯೂ ತಂಡಕ್ಕೆ ಒಂದು ಗಿಡದ ಸಾರ ಒಮ್ಮೆ ಕೆಲಸ ಮಾಡುತ್ತಿತ್ತು, ಇನ್ನೊಮ್ಮೆ ಮಾಡುತ್ತಿರಲಿಲ್ಲ. ಆಗ ಆಕೆ 4ನೇ ಶತಮಾನದ ವೈದ್ಯ ಗೆ ಹೊಂಗ್ ಬರೆದಿಟ್ಟಿದ್ದ ವಿಧಾನವನ್ನು ಮತ್ತೆ ಓದಿದರು. ಗಿಡವನ್ನು ನೀರಲ್ಲಿ ನೆನೆಸಿ, ಹಿಂಡಿ, ರಸ ಕುಡಿ ಅಂತಿತ್ತು. ಕುದಿಸುವ ಮಾತೇ ಇರಲಿಲ್ಲ! 1971ರಲ್ಲಿ ಸುಮಾರು 35 ಡಿಗ್ರಿಗೇ ಕುದಿಯುವ ಈಥರ್ ಬಳಸಿ ಸಾರ ತೆಗೆದರು, ಇಲಿಗಳ ಮಲೇರಿಯಾ ವಾಸಿಯಾಯಿತು, 2015ರಲ್ಲಿ ನೊಬೆಲ್ ಬಂತು. ಹಾಗಾಗಿ ಯಾವ ದ್ರಾವಕ, ಎಷ್ಟು ಬಿಸಿ, ಎಷ್ಟು ಹೊತ್ತು, ಮೂರನ್ನೂ ಬರೆದಿಡಿ.

ಬಣ್ಣದ ಪರೀಕ್ಷೆಗಳಿಗೆ ಜಾಸ್ತಿ ಹೊತ್ತು ಕೊಡಬೇಡಿ. ಫೆರಿಕ್ ಕ್ಲೋರೈಡ್ ಹಾಕಿದರೆ ಕಪ್ಪು (ಟ್ಯಾನಿನ್), ಕುಲುಕಿದರೆ ನೊರೆ (ಸಪೋನಿನ್), ಇವೆಲ್ಲ ಬರೀ ಸುಳಿವು. ಪ್ರತಿ ಪರೀಕ್ಷೆಗೂ ಪಕ್ಕದಲ್ಲಿ ಎರಡು ನಳಿಕೆ ಇರಲಿ. ಒಂದರಲ್ಲಿ ಬರೀ ದ್ರಾವಕ, ಇನ್ನೊಂದರಲ್ಲಿ ಖಂಡಿತ ಫಲಿತಾಂಶ ಕೊಡುವ ವಸ್ತು. ಟ್ಯಾನಿನ್‌ಗೆ ಚಹಾ ಡಿಕಾಕ್ಷನ್ ಸಾಕು, ಸಪೋನಿನ್‌ಗೆ ಅಂಟುವಾಳದ ನೀರು. ಆಲ್ಕಲಾಯ್ಡ್ ಹುಡುಕುವ ಡ್ರಾಗೆಂಡಾರ್ಫ್ ಪರೀಕ್ಷೆಯಲ್ಲಿ ಪ್ರೋಟೀನ್ ಇದ್ದರೂ ಕೆಲವೊಮ್ಮೆ ಆಲ್ಕಲಾಯ್ಡ್ ಇದ್ದಂತೆಯೇ ಕಾಣುತ್ತದೆ, ಹುಷಾರು. ಅರಿಶಿನಕ್ಕೆ ಸುಣ್ಣ ಸೇರಿಸಿದರೆ ಕೆಂಪಾಗುವುದು ಆರತಿ ತಟ್ಟೆಯಲ್ಲಿ ಎಲ್ಲರೂ ನೋಡಿದ್ದೇ ಅಲ್ವಾ, ಅದೂ ಕರ್ಕ್ಯುಮಿನ್ ಕ್ಷಾರಕ್ಕೆ ಕೊಡುವ ಉತ್ತರವೇ.

ನಿಜವಾದ ಮಜಾ ಇರುವುದು ಟಿಎಲ್‌ಸಿಯಲ್ಲಿ, ಅಂದರೆ ತೆಳು ಪದರದ ಮೇಲೆ ಸಾರದ ವಸ್ತುಗಳನ್ನು ಬೇರ್ಪಡಿಸುವ ವಿಧಾನದಲ್ಲಿ. ಸಿಲಿಕಾ ಹಚ್ಚಿದ ಅಲ್ಯೂಮಿನಿಯಂ ಹಾಳೆಯನ್ನು ಅಂಚಲ್ಲಿ ಹಿಡಿದು, ಕೆಳಗಿನಿಂದ 1 ಸೆಂ.ಮೀ. ಮೇಲೆ ಪೆನ್ಸಿಲಿನಿಂದ ಹಗುರವಾಗಿ ಗೆರೆ ಎಳೆಯಿರಿ. ಪೆನ್ನು ಬೇಡ, ಶಾಯಿಯೂ ದ್ರಾವಕದ ಜೊತೆ ಮೇಲೆ ಓಡುತ್ತದೆ. ತೆಳು ಗಾಜಿನ ಕ್ಯಾಪಿಲರಿಯಿಂದ ಸಾರವನ್ನು ಮುಟ್ಟಿಸಿಯೂ ಮುಟ್ಟಿಸದ ಹಾಗೆ ಇಡಿ, ಒಣಗಲಿ, ಮತ್ತೆ ಅಲ್ಲೇ ಇಡಿ. ಚುಕ್ಕೆ ಸಾಸಿವೆ ಕಾಳಿಗಿಂತ ದೊಡ್ಡದಾದರೆ ಮೇಲೆ ಹೋಗುತ್ತಾ ಬಾಲ ಬೆಳೆಯುತ್ತದೆ. ಪಕ್ಕದಲ್ಲೇ ಕೊಂಡು ತಂದ ಶುದ್ಧ ಕರ್ಕ್ಯುಮಿನ್‌ನ ಚುಕ್ಕೆ ಇಡಿ. ಫ್ಯೂಮ್ ಹುಡ್ ಒಳಗೆ, ಗಾಜಿನ ಜಾಡಿಯಲ್ಲಿ 95 ಭಾಗ ಕ್ಲೋರೋಫಾರ್ಮ್, 5 ಭಾಗ ಮೆಥನಾಲ್ ಹಾಕಿ, ಒಳಗೋಡೆಗೆ ಫಿಲ್ಟರ್ ಪೇಪರ್ ಒರಗಿಸಿ, ಮುಚ್ಚಿ, ಆವಿ ತುಂಬಿದ ಮೇಲೆ ಹಾಳೆ ಇಳಿಸಿ. ಚುಕ್ಕೆಗಳು ದ್ರಾವಕದಲ್ಲಿ ಮುಳುಗಬಾರದು.

ದ್ರಾವಕ ಏರುತ್ತಿದ್ದಂತೆ ಒಂದು ಹಳದಿ ಚುಕ್ಕೆ ಮೂರಾಗಿ ಒಡೆಯುತ್ತದೆ. ಎಲ್ಲಕ್ಕಿಂತ ಮೇಲೆ ಓಡಿದ್ದು ಕರ್ಕ್ಯುಮಿನ್, ನಡುವಿನದು ಡಿಮೆಥಾಕ್ಸಿಕರ್ಕ್ಯುಮಿನ್, ಕೆಳಗಿನದು ಬಿಸ್‌ಡಿಮೆಥಾಕ್ಸಿಕರ್ಕ್ಯುಮಿನ್. ಒಂದೊಂದು ಮೆಥಾಕ್ಸಿ ಗುಂಪು ಕಡಿಮೆಯಾದಂತೆ ಅಣು ಸಿಲಿಕಾಗೆ ಇನ್ನಷ್ಟು ಅಂಟಿಕೊಳ್ಳುತ್ತದೆ, ಅದಕ್ಕೇ ಹಿಂದೆ ಬೀಳುತ್ತದೆ. ಹಾಳೆ ಹೊರಗೆ ತೆಗೆದ ಕೂಡಲೇ ದ್ರಾವಕ ಎಲ್ಲಿಯವರೆಗೆ ಬಂದಿದೆ ಅಂತ ಗುರುತು ಹಾಕಿ, ಒಣಗಿದರೆ ಗೊತ್ತೇ ಆಗುವುದಿಲ್ಲ. ದ್ರಾವಕ 8 ಸೆಂ.ಮೀ. ಹೋಗಿ, ಚುಕ್ಕೆ 5.2 ಹೋಗಿದ್ದರೆ ಆರ್‌ಎಫ್, ಅಂದರೆ ಎರಡು ದೂರಗಳ ಅನುಪಾತ, 0.65. 366 ನ್ಯಾನೋಮೀಟರ್ ಯುವಿ ದೀಪದ ಕೆಳಗೆ ಹಿಡಿದರೆ ಚುಕ್ಕೆಗಳು ಹೊಳೆಯುತ್ತವೆ, ಒಂದು ಫೋಟೋ ತೆಗೆದುಕೊಳ್ಳಿ. ಈಗ ನೀವು ಧೈರ್ಯವಾಗಿ ಬರೆಯಬಹುದಾದ ವಾಕ್ಯ: ಸಾರದ ಒಂದು ಚುಕ್ಕೆ ಇದೇ ದ್ರಾವಕದಲ್ಲಿ ಶುದ್ಧ ಕರ್ಕ್ಯುಮಿನ್‌ನಷ್ಟೇ ದೂರ ಹೋಗಿದೆ. ಎಷ್ಟಿದೆ ಅಂತ ಹೇಳಲು ಪ್ರಮಾಣ ಅಳೆಯುವ ಎಚ್‌ಪಿಎಲ್‌ಸಿ ಯಂತ್ರ ಬೇಕು.

ಆಮೇಲೆ ಎಲ್ಲರೂ ಡಿಪಿಪಿಎಚ್ ಅನ್ನೋ ಆಂಟಿಆಕ್ಸಿಡೆಂಟ್ ಪರೀಕ್ಷೆ ಮಾಡುತ್ತಾರೆ. ನೇರಳೆ ದ್ರಾವಣ ಹಳದಿಯಾಗುತ್ತದೆ, 517 ನ್ಯಾನೋಮೀಟರಿನಲ್ಲಿ ಓದುತ್ತೀರಿ. ಅರಿಶಿನ ಮೊದಲೇ ಹಳದಿ! ಆದ್ದರಿಂದ ಡಿಪಿಪಿಎಚ್ ಇಲ್ಲದೆ ಬರೀ ಸಾರದ ಓದುವಿಕೆಯನ್ನೂ ತೆಗೆದು ಕಳೆಯಿರಿ. ಐಸಿ50, ಅಂದರೆ ಅರ್ಧದಷ್ಟು ಪರಿಣಾಮಕ್ಕೆ ಬೇಕಾದ ಪ್ರಮಾಣ, ಕಡಿಮೆಯಿದ್ದಷ್ಟೂ ಶಕ್ತಿ ಜಾಸ್ತಿ, ಇದನ್ನು ಉಲ್ಟಾ ಬರೆಯುವವರೇ ಹೆಚ್ಚು. ಬ್ಯಾಕ್ಟೀರಿಯಾ ಪರೀಕ್ಷೆ ಮಾಡುವುದಾದರೆ ಸಾರ ಕರಗಿಸಲು ಬಳಸಿದ ದ್ರಾವಕ ಡಿಎಂಎಸ್‌ಒ ಮಾತ್ರ ಹಾಕಿದ ಒಂದು ಡಿಸ್ಕ್ ಇರಲೇಬೇಕು. ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಜಾಗ ದೊಡ್ಡದಿದ್ದ ಮಾತ್ರಕ್ಕೆ ಔಷಧಿ ಜೋರು ಅಂತಲ್ಲ, ಸಾರ ಅಗಾರಿನಲ್ಲಿ ಸಲೀಸಾಗಿ ಹರಡಿರಬಹುದು ಅಷ್ಟೇ.

ಈಗ ಕೊನೆಯ ಪುಟಕ್ಕೆ ಬನ್ನಿ. ನಳಿಕೆಯಲ್ಲಿ ಆಗಿದ್ದು ದೇಹದಲ್ಲೂ ಆಗುತ್ತದೆ ಅಂತ ಬರೆಯುವ ಮುಂಚೆ 1998ರ ಒಂದು ಕೆಲಸ ನೋಡಿ, ಮಾಡಿದವರು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು. ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ನುಂಗಿಸಿದರು. ರಕ್ತದಲ್ಲಿ ಅದು ಕಾಣಲೇ ಇಲ್ಲ, ಕಂಡರೂ ತೀರಾ ಅತ್ಯಲ್ಪ. ಜೊತೆಗೆ ಕರಿಮೆಣಸಿನ ಪೈಪರೀನ್ 20 ಮಿಲಿಗ್ರಾಂ ಕೊಟ್ಟಾಗ ನೂರಕ್ಕೆ 2000ದಷ್ಟು ಏರಿತು. ಈ 2000 ಮಾತ್ರ ಜಾಹೀರಾತುಗಳಿಗೆ ಬಂತು, ಏರಿದ್ದು ಯಾವ ಮಟ್ಟದಿಂದ ಅನ್ನೋದು ಬರಲಿಲ್ಲ. 2 ಗ್ರಾಂ ಕರ್ಕ್ಯುಮಿನ್ ಅಂದರೆ ನೂರಕ್ಕೆ 3ರ ಲೆಕ್ಕದಲ್ಲಿ ಸುಮಾರು 67 ಗ್ರಾಂ ಅರಿಶಿನ. ಒಂದು ಲೋಟ ಅರಿಶಿನ ಹಾಲಿಗೆ ನೀವು ಎಷ್ಟು ಹಾಕುತ್ತೀರಿ?

ಇನ್ನೊಂದು ತೊಡಕಿದೆ. ನಮ್ಮ ರಕ್ತದ ಪಿಎಚ್‌ಗೆ ಹತ್ತಿರದ ಬಫರಿನಲ್ಲಿ, 37 ಡಿಗ್ರಿಯಲ್ಲಿ ಕರ್ಕ್ಯುಮಿನ್ ಇಟ್ಟರೆ ಅರ್ಧ ಗಂಟೆಯಲ್ಲಿ ನೂರಕ್ಕೆ 90ರಷ್ಟು ಒಡೆದುಹೋಗುತ್ತದೆ. ಹೊಳೆಯುವ ಗುಣದಿಂದ, ಎಲ್ಲದಕ್ಕೂ ಅಂಟಿಕೊಳ್ಳುವ ಗುಣದಿಂದ ಎಷ್ಟೋ ಪರೀಕ್ಷೆಗಳಲ್ಲಿ ಸುಳ್ಳು ಫಲಿತಾಂಶವನ್ನೂ ಕೊಡುತ್ತದೆ. 2017ರಲ್ಲಿ ಅಮೆರಿಕದ ಕ್ಯಾಥರಿನ್ ನೆಲ್ಸನ್ ಮತ್ತು ಜೊತೆಗಾರರು ಇದನ್ನೆಲ್ಲ ಕೂಡಿಸಿ ಬರೆದರು. 120ಕ್ಕೂ ಹೆಚ್ಚು ಮಾನವ ಪ್ರಯೋಗ ನಡೆದರೂ ರೋಗಿಗೂ ವೈದ್ಯರಿಗೂ ಯಾವುದು ಔಷಧಿ ಅಂತ ತಿಳಿಸದೆ ಮಾಡಿದ ಪ್ರಯೋಗಗಳಲ್ಲಿ ಒಂದೂ ಗೆದ್ದಿಲ್ಲ ಅನ್ನೋದು ಅವರ ತೀರ್ಮಾನ. ಅದನ್ನು ಒಪ್ಪದವರೂ ಇದ್ದಾರೆ. ನನಗಂತೂ ಅರಿಶಿನದ ಮೇಲಿನ ಪ್ರೀತಿ ಇದರಿಂದ ಕಡಿಮೆಯಾಗಿಲ್ಲ, ಕ್ಯಾಪ್ಸೂಲಿನ ಮೇಲಿನ ನಂಬಿಕೆ ಕಡಿಮೆಯಾಗಿದೆ.

ಹಾಗಾಗಿ ‘ಗುಣಪಡಿಸುತ್ತದೆ’ ಅನ್ನೋ ಕಡೆಯಲ್ಲೆಲ್ಲ, ಎಷ್ಟು ಸಾರಕ್ಕೆ, ಯಾವ ಪರೀಕ್ಷೆಯಲ್ಲಿ, ಏನು ಕಂಡಿತು ಅಂತ ಬರೆಯಿರಿ. ಯಾರಾದರೂ ಮನುಷ್ಯರ ಮೇಲೆ ಪ್ರಯೋಗ ಮಾಡಿದ್ದಾರಾ ಅಂತ ವೈದ್ಯಕೀಯ ಲೇಖನಗಳ ಜಾಲತಾಣ ಪಬ್‌ಮೆಡ್‌ನಲ್ಲೂ, ಭಾರತದ ಪ್ರಯೋಗಗಳಿಗೆ ಸಿಟಿಆರ್‌ಐ ನೋಂದಣಿಯಲ್ಲೂ ಹುಡುಕಿ. ಗಿಡದ ಲ್ಯಾಟಿನ್ ಹೆಸರಿನಿಂದ ಹುಡುಕಿದರೆ ಸರಿಯಾಗಿ ಸಿಗುತ್ತದೆ. ಪ್ರತಿ ಪ್ರಯೋಗವನ್ನೂ ಮೂರು ಸಲ ಮಾಡಿ, ಸರಿಬರದ ಸಲವನ್ನೂ ನೋಟ್‌ಬುಕ್ಕಿನಲ್ಲಿ ಬರೆಯದೆ ಬಿಡಬೇಡಿ. ಉಳಿದ ಸಾರಕ್ಕೆ ಹೆಸರು, ತಾರೀಖು ಬರೆದು ಫ್ರಿಜ್ಜಿನಲ್ಲಿಡಿ, ವೈವಾ ದಿನ ಮತ್ತೆ ಮಾಡಿ ತೋರಿಸಿ ಅಂದರೆ ಬೇಕಾಗುತ್ತದೆ. ಬಳಸಿದ ಕ್ಲೋರೋಫಾರ್ಮನ್ನು ಸಿಂಕಿಗೆ ಸುರಿಯಬೇಡಿ, ಲ್ಯಾಬಿನಲ್ಲಿ ಅದಕ್ಕೇ ಅಂತ ಬೇರೆ ಕ್ಯಾನ್ ಇರುತ್ತದೆ.