ಪಾಸ್‌ಬುಕ್ ಅಜ್ಜಿಯ ಐದನೆಯ ಚೌಕ

ಮಲೆನಾಡಿನ ಸಣ್ಣ ಊರೊಂದರ ಬ್ಯಾಂಕಿನಲ್ಲಿ ನಾನು ಗುಮಾಸ್ತ. ತಿಂಗಳ ಮೊದಲ ವಾರ ಒಬ್ಬ ಅಜ್ಜಿ ಬರುತ್ತಾರೆ. ಪಿಂಚಣಿ ಬಂದಿದೆಯೇ ಎಂದು ಕೇಳುತ್ತಾರೆ, ಪಾಸ್‌ಬುಕ್ಕಿನ ಸಾಲುಗಳನ್ನು ನನ್ನಿಂದ ಓದಿಸಿಕೊಳ್ಳುತ್ತಾರೆ. ಒಮ್ಮೆ ಹೊಸ ನಮೂದು ಒಂದೂ ಇರಲಿಲ್ಲ. ಹಾಗೆಂದು ಹೇಳಿದೆ. "ಇರಲಿ ತಮ್ಮಾ, ಒಂದು ಸಲ ಮಿಷನ್ನಿಗೆ ಹಾಕಿ ಕೊಡು" ಎಂದರು. ಹಾಕಿದೆ. ಪುಟ ಒಳಗೆ ಹೋಯಿತು, ಹಾಗೆಯೇ ಹೊರಗೆ ಬಂತು. ಅಜ್ಜಿ ಅದನ್ನು ಸೆರಗಿನಲ್ಲಿ ಒರೆಸಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ರಬ್ಬರ್ ಬ್ಯಾಂಡ್ ಸುತ್ತಿಕೊಂಡು ಹೊರಟರು.

ಅಂದು ರಾತ್ರಿ ಅದನ್ನೇ ಕಾಮಿಕ್ಸ್ ಆಗಿ ನಾಲ್ಕು ಚೌಕಗಳಲ್ಲಿ ಬರೆದೆ. ಕೊನೆಯ ಚೌಕದಲ್ಲಿ ನನ್ನ ಮುಖ, ಪಕ್ಕದಲ್ಲಿ ಒಂಟಿತನದ ಬಗ್ಗೆ ಒಂದು ಚಂದದ ಮಾತು. ಹೆಂಡತಿ ಓದಿ, "ಅಜ್ಜಿ ಎಲ್ಲಿ ಹೋದರು? ಕೊನೆಯಲ್ಲಿ ನೀವೇ ಇದ್ದೀರಲ್ಲ" ಎಂದಳು. ಆ ಪುಟವನ್ನು ಪಕ್ಕಕ್ಕಿಟ್ಟೆ.

ನನ್ನನ್ನು ಈ ದಾರಿಗೆ ಹಚ್ಚಿದವರು ಹಾರ್ವೆ ಪೆಕಾರ್. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ, ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಕಡತ ಜೋಡಿಸುವ ಗುಮಾಸ್ತರಾಗಿದ್ದವರು. 1976ರಲ್ಲಿ ತಮ್ಮದೇ ದುಡ್ಡಿನಲ್ಲಿ 'ಅಮೆರಿಕನ್ ಸ್ಪ್ಲೆಂಡರ್' ಎಂಬ ಕಾಮಿಕ್ಸ್ ಹೊರತಂದರು. ಚಿತ್ರ ಬಿಡಿಸಲು ಬರುತ್ತಿರಲಿಲ್ಲ. ಕಡ್ಡಿಗೊಂಬೆಗಳನ್ನು ಗೀಚಿ, ಮಾತು ತುಂಬಿಸಿ, ರಾಬರ್ಟ್ ಕ್ರಂಬ್‌ರಂಥ ಕಲಾವಿದರ ಕೈಗೆ ಕೊಡುತ್ತಿದ್ದರು. ಸೂಪರ್ ಮಾರ್ಕೆಟ್ಟಿನ ಸರತಿಯಲ್ಲಿ ಮುದುಕಿಯರ ಹಿಂದೆ ನಿಲ್ಲಬೇಕಾದ ಪಾಡೇ ಅವರ ಒಂದು ಕಥೆ. ಅದನ್ನು ಓದಿದಾಗ ಮೈ ಜುಮ್ಮೆಂದಿತು. ಅವರು ಸರತಿಯಲ್ಲಿ ನಿಂತವರು, ನಾನು ಕೌಂಟರಿನ ಈಚೆ ಕುಳಿತವನು. ನೋಡುವುದು ಅದೇ ಸಾಲನ್ನು.

ಸಣ್ಣ ಸಂಗತಿ ಹಿಡಿದು ಬರೆಯುವುದು ಕನ್ನಡಕ್ಕೆ ಹೊಸತಲ್ಲ. ಎ.ಎನ್. ಮೂರ್ತಿರಾವ್, ಗೊರೂರರ ಪ್ರಬಂಧಗಳನ್ನು ಓದಿಯೇ ಬೆಳೆದೆ. ಆದರೆ ಲಲಿತ ಪ್ರಬಂಧದಲ್ಲಿ ಬರೆಯುವವನ ದನಿ ಕೊನೆಯವರೆಗೂ ಜೊತೆಗಿರುತ್ತದೆ, ಇರಲೇಬೇಕು. ಕಾಮಿಕ್ಸ್‌ನಲ್ಲಿ ಆ ದನಿಯನ್ನು ನಡುವೆಯೇ ನಿಲ್ಲಿಸಬಹುದು. ಇದು ತಿಳಿಯಲು ನನಗೆ ಆ ಅಜ್ಜಿಯ ಪುಟವೇ ಬೇಕಾಯಿತು.

ಕೆಲಸ ಹೀಗೆ ನಡೆಯುತ್ತದೆ. ಕೇಳಿದ ಮಾತನ್ನು ಅಂದೇ ಚೀಟಿಯಲ್ಲಿ ಬರೆದಿಡುತ್ತೇನೆ. ಇಲ್ಲದಿದ್ದರೆ ಮರುದಿನಕ್ಕೆ ಅದು ನನ್ನ ಮಾತಾಗಿಬಿಡುತ್ತದೆ. ಹಾಳೆಯ ಮೇಲೆ ಮೊದಲು ಪೆನ್ಸಿಲ್ಲಿನಲ್ಲಿ ಅಕ್ಷರ, ಆಮೇಲೆ ಚಿತ್ರ. ಕನ್ನಡಕ್ಕೆ ಇದು ಬಹಳ ಮುಖ್ಯ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಡಿಸು ಮೇಲೇರುತ್ತದೆ; ಸಾಲುಗಳ ನಡುವೆ ಜಾಗ ಬಿಡದಿದ್ದರೆ ಒಂದರ ಬಾಲ ಇನ್ನೊಂದರ ತಲೆಗೆ ಸಿಕ್ಕಿಕೊಳ್ಳುತ್ತದೆ. 'ಮಾಡಿಸಿಕೊಳ್ಳಬೇಕಾಗಿತ್ತು' ಎಂಬ ಒಂದೇ ಪದ ಮಾತಿನ ಗುಳ್ಳೆಯ ಅಗಲವನ್ನೆಲ್ಲ ನುಂಗುತ್ತದೆ. ಹಾಗಾಗಿ ಒಂದು ಗುಳ್ಳೆಗೆ ಎಂಟು ಹತ್ತು ಪದ ಸಾಕು ಎಂದುಕೊಂಡಿದ್ದೇನೆ. ಈ ಇಕ್ಕಟ್ಟಿನಿಂದಲೇ ನನ್ನ ಬರವಣಿಗೆಯ ಕೊಬ್ಬು ಕರಗಿತು.

ಅಜ್ಜಿಯ ಪುಟವನ್ನು ಮತ್ತೆ ಬರೆದಾಗ ಚಂದದ ಮಾತನ್ನು ಅಳಿಸಿದೆ, ನನ್ನ ಮುಖವನ್ನೂ ತೆಗೆದೆ. ಉಳಿದ ಮೂರು ಚೌಕಗಳ ಜೊತೆಗೆ ಹೊಸದಾಗಿ ಎರಡು. ನಾಲ್ಕನೆಯದರಲ್ಲಿ ಖಾಲಿ ಪುಟ. ಐದನೆಯದು ಹಾಳೆಯ ಅಗಲದಷ್ಟು ಉದ್ದ. ಅದರಲ್ಲಿ ಎರಡು ಕೈ, ಪ್ಲಾಸ್ಟಿಕ್ ಚೀಲ, ರಬ್ಬರ್ ಬ್ಯಾಂಡು. ಮಾತಿಲ್ಲ. ಗದ್ಯದಲ್ಲಾದರೆ 'ನಿಧಾನವಾಗಿ' ಎಂದು ಬರೆಯಬೇಕಿತ್ತು. ಇಲ್ಲಿ ಆ ಅಗಲವೇ ನಿಧಾನ. ಆ ಕೈಗಳನ್ನು ಬಿಡಿಸಲು ನಾಲ್ಕು ರಾತ್ರಿ ಹಿಡಿಯಿತು. ಗಂಟುಬಿದ್ದ ಬೆರಳು ರಬ್ಬರನ್ನು ಹೇಗೆ ಹಿಗ್ಗಿಸುತ್ತದೆ ಎಂಬುದನ್ನು ಅಷ್ಟು ವರ್ಷ ಎದುರಿಗೇ ಕುಳಿತಿದ್ದರೂ ನಾನು ನೋಡಿರಲಿಲ್ಲ.

ಗ್ರಾಹಕರ ಹೆಸರು, ಹಣದ ಮೊತ್ತವನ್ನು ನಾನು ಎಂದೂ ಬರೆಯುವುದಿಲ್ಲ, ಮುಖವನ್ನೂ ಬದಲಿಸುತ್ತೇನೆ. ಆದರೂ ಅಜ್ಜಿಗೆ ತೋರಿಸದೆ ಯಾರಿಗೂ ಕೊಡಬಾರದು ಅನಿಸಿತು. ಮುಂದಿನ ತಿಂಗಳು ಕೌಂಟರಿನ ಮೇಲೆ ಹಾಳೆ ಇಟ್ಟೆ. ಅವರಿಗೆ ಓದಲು ಬಾರದು. ಬೆರಳಿಟ್ಟು ಒಂದೊಂದೇ ಚೌಕ ದಾಟಿ ಐದನೆಯದರ ಮೇಲೆ ನಿಂತರು.

"ಎರಡು ಸುತ್ತಲ್ಲ ತಮ್ಮಾ, ಮೂರು."

ಮನೆಗೆ ಹೋಗಿ ಮೂರನೆಯ ಸುತ್ತು ಎಳೆದೆ.